ಸ್ಮಾರಕವೂ ಹೆಸರೂ: ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಚಳವಳಿಯ ಮೂಲಸ್ಮರಣೆ ಮತ್ತು ಧರ್ಮಸಭೆ

ಪೀಠಿಕೆ

ಪ್ರತಿವರ್ಷ ಜೂನ್ ತಿಂಗಳ ಕೊನೆಯಲ್ಲಿ ಲೋಕದ ಅನೇಕ ನಗರಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಚಳವಳಿಯ ಆರಂಭವನ್ನು ಸ್ಮರಿಸಲಾಗುತ್ತದೆ. ನಮ್ಮ ರಾಜ್ಯದ ರಾಜಧಾನಿಯಲ್ಲಿಯೂ 2008ರಿಂದ ಈ ನಿಮಿತ್ತ ಮೆರವಣಿಗೆಗಳು ನಡೆದಿವೆ. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಗುರುವಿದ್ಯಾರ್ಥಿಯೊಬ್ಬರು ಒಮ್ಮೆ ಎದ್ದುನಿಂತು, "ಈ ಸ್ಮರಣೆಯ ಮುಂದೆ ಧರ್ಮಸಭೆ ಏನು ಮಾಡಬೇಕು? ಮೌನವಾಗಿರಬೇಕೆ, ವಿರೋಧಿಸಬೇಕೆ, ಅಥವಾ ತಾನೂ ಸ್ಮರಿಸಬೇಕೆ?" ಎಂದು ಕೇಳಿದರು. ಪ್ರಶ್ನೆ ನೇರವಾಗಿತ್ತು. ಅಂದು ನಾವು ಕೊಟ್ಟ ಉತ್ತರ ಅಷ್ಟು ನೇರವಾಗಿರಲಿಲ್ಲ. ಆ ಉತ್ತರವನ್ನು ಸಾವಧಾನವಾಗಿ ಪೂರ್ಣಗೊಳಿಸುವ ಪ್ರಯತ್ನವೇ ಈ ಲೇಖನ.

ನಾವು ಇದನ್ನು ಬರೆಯುತ್ತಿರುವುದು ಮೈಸೂರಿನ ಅಶೋಕಪುರಂನಲ್ಲಿ ಕುಳಿತು. ರೈಲ್ವೆ ಕಾರ್ಯಾಗಾರದ ನೆರೆಯ ಈ ಬಡಾವಣೆ ಹಿಂದೆ ಆದಿಕರ್ನಾಟಕಪುರವೆಂಬ ಹೆಸರಿನಿಂದ ಕರೆಯಲ್ಪಡುತ್ತಿತ್ತು. ಏಪ್ರಿಲ್ 14ರಂದು ಇಲ್ಲಿ ನಡೆಯುವ ಅಂಬೇಡ್ಕರ್ ಜಯಂತಿಯನ್ನು ಕಂಡವರಿಗೆ, ಸ್ಮರಣೆಯೆಂಬುದು ಒಂದು ಜನಾಂಗವನ್ನು ಹೇಗೆ ತಲೆಯೆತ್ತಿ ನಿಲ್ಲಿಸಬಲ್ಲದು ಎಂಬುದನ್ನು ವಿವರಿಸಬೇಕಾಗಿಲ್ಲ. ಇತರರು ಇಟ್ಟ ಹೆಸರಿನಿಂದ ತಾವೇ ಆರಿಸಿಕೊಂಡ ಹೆಸರಿನ ಕಡೆಗೆ ಸಾಗುವುದರಲ್ಲಿ ಎಂಥ ಬಿಡುಗಡೆಯಿದೆ ಎಂಬುದನ್ನು ಈ ಬೀದಿಗಳು ಬಲ್ಲವು. ಆದುದರಿಂದ ಹೆಸರು ಮತ್ತು ಸ್ಮರಣೆ ಎಂಬ ಎರಡು ಪದಗಳನ್ನು ಹಿಡಿದುಕೊಂಡೇ ಈ ವಿಷಯವನ್ನು ಪರಿಶೀಲಿಸೋಣ.

ಏನನ್ನು ಸ್ಮರಿಸಲಾಗುತ್ತಿದೆ?

ಮೊದಲು ಘಟನೆಯನ್ನು ಸರಿಯಾಗಿ ತಿಳಿಯಬೇಕು. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಪ್ರದೇಶದ ಸ್ಟೋನ್‌ವಾಲ್ ಇನ್ ಎಂಬ ಮದ್ಯಶಾಲೆಯ ಮೇಲೆ ಪೊಲೀಸರು ದಾಳಿ ನಡೆಸಿದರು. ಸಲಿಂಗಾಸಕ್ತರೂ ಲಿಂಗಪರಿವರ್ತಿತರೂ ಸೇರುತ್ತಿದ್ದ ಇಂತಹ ಸ್ಥಳಗಳ ಮೇಲೆ ದಾಳಿ ನಡೆಯುವುದು ಆಗ ಅಪರೂಪದ ಸಂಗತಿಯಾಗಿರಲಿಲ್ಲ. ಅಂದು ಹೊಸದಾಗಿದ್ದುದು ಒಂದೇ: ಅಲ್ಲಿದ್ದವರು ತಲೆತಗ್ಗಿಸಿ ಚದುರಿಹೋಗಲಿಲ್ಲ. ಪ್ರತಿಭಟನೆ ಹಲವು ದಿನ ಮುಂದುವರಿಯಿತು. ಒಂದು ವರ್ಷದ ಬಳಿಕ, 1970ರ ಜೂನ್ 28ರಂದು, ಅದರ ನೆನಪಿಗಾಗಿ ನ್ಯೂಯಾರ್ಕಿನಲ್ಲಿ ಮೆರವಣಿಗೆ ಹೊರಟಿತು.

ಆದರೆ ಆರಂಭ ಅಲ್ಲಿಯೇ ಆಯಿತೆಂದು ಹೇಳಲಾಗದು. 1897ರಲ್ಲಿಯೇ ಜರ್ಮನಿಯ ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ ಬರ್ಲಿನ್ನಿನಲ್ಲಿ ಇಂತಹ ದಂಡನೆಯ ಕಾನೂನನ್ನು ರದ್ದುಪಡಿಸಬೇಕೆಂದು ಸಮಿತಿಯೊಂದನ್ನು ಕಟ್ಟಿದ್ದರು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಉಪಾಹಾರಗೃಹದಲ್ಲಿ ಲಿಂಗಪರಿವರ್ತಿತರು ಪೊಲೀಸರ ಕಿರುಕುಳವನ್ನು ಎದುರಿಸಿ ನಿಂತಿದ್ದರು. ಇವು ಜನರ ನೆನಪಿನಲ್ಲಿ ಉಳಿಯದೆ ಸ್ಟೋನ್‌ವಾಲ್ ಮಾತ್ರ ಉಳಿದುದೇಕೆ? 1969ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆಯೊಂದು, ಆ ದಿನವನ್ನು ಪ್ರತಿವರ್ಷ ಸ್ಮರಿಸಬೇಕೆಂದು ನಿರ್ಧರಿಸಿತು. ಕಾಂಪ್ಟನ್ಸ್ ಘಟನೆಯನ್ನು ಸ್ಮರಿಸಲು ಯಾರೂ ನಿರ್ಧರಿಸಲಿಲ್ಲ. ನಡೆದದ್ದೆಲ್ಲವೂ ತಾನಾಗಿಯೇ ಚರಿತ್ರೆಯಾಗುವುದಿಲ್ಲ. ಸಮುದಾಯವೊಂದು ವರ್ಷವರ್ಷವೂ ಒಟ್ಟುಗೂಡಿ ನೆನೆದದ್ದು ಉಳಿಯುತ್ತದೆ. ಪಾಸ್ಕ ಹಬ್ಬವನ್ನೂ ಪರಮಪ್ರಸಾದವನ್ನೂ ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ಗುರುವಿದ್ಯಾರ್ಥಿಗಳು ಅಪರೂಪವಾಗಿ ಕೇಳಿರುವ ಇನ್ನೊಂದು ಸಂಗತಿಯಿದೆ. ಸ್ಟೋನ್‌ವಾಲಿಗಿಂತ ನಾಲ್ಕು ವರ್ಷ ಮೊದಲು, 1965ರ ಜನವರಿ 1ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂತೋಷಕೂಟವೊಂದು ಏರ್ಪಟ್ಟಿತ್ತು. ಅದನ್ನು ಏರ್ಪಡಿಸಿದ್ದು ಪ್ರೊಟೆಸ್ಟೆಂಟ್ ಸಭಾಪಾಲಕರೂ ಸಲಿಂಗಾಸಕ್ತರ ಸಂಘಗಳೂ ಸೇರಿ ಹಿಂದಿನ ವರ್ಷ ರಚಿಸಿಕೊಂಡಿದ್ದ ಮಂಡಳಿ. ಬಾಗಿಲಲ್ಲಿ ನಿಂತ ಪೊಲೀಸರು ಬಂದವರೆಲ್ಲರ ಛಾಯಾಚಿತ್ರ ತೆಗೆದರು. ಕೆಲವರನ್ನು ಬಂಧಿಸಿದರು. ಮರುದಿನ ಆ ಸಭಾಪಾಲಕರು ಪತ್ರಿಕಾಗೋಷ್ಠಿ ಕರೆದು, ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಪೀಡಿತರು ಬಹುಕಾಲದಿಂದ ಹೇಳುತ್ತಿದ್ದುದನ್ನು ನಗರವು ನಂಬಲು ಆರಂಭಿಸಿದ್ದು, ಅದನ್ನು ಯಾಜಕರು ಹೇಳಿದಾಗ. ಚಳವಳಿಯ ಮೂಲದಲ್ಲಿ ಕ್ರೈಸ್ತ ಸೇವಕರ ಸಾಕ್ಷ್ಯವೂ ಸೇರಿಕೊಂಡಿದೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ನಾಡಿನ ಮೂಲಗಳು

ಭಾರತದಲ್ಲಿ ಈ ಕಥೆ ಕಾನೂನಿನೊಂದಿಗೆ ಆರಂಭವಾಗುತ್ತದೆ. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು, ನಿಸರ್ಗದ ಕ್ರಮಕ್ಕೆ ವಿರುದ್ಧವಾದ ಲೈಂಗಿಕ ಕ್ರಿಯೆಗೆ ಜೀವಾವಧಿಯವರೆಗಿನ ಶಿಕ್ಷೆಯನ್ನು ವಿಧಿಸಿತು. ಈ ಭಾಷೆ ನಮ್ಮ ಧರ್ಮಶಾಸ್ತ್ರಗಳಿಂದ ಬಂದುದಲ್ಲ. ಇಂಗ್ಲೆಂಡಿನಲ್ಲಿ ಚರ್ಚಿನ ನ್ಯಾಯಾಲಯಗಳ ಅಧೀನದಲ್ಲಿದ್ದ ಈ ವಿಷಯವನ್ನು 1533ರಲ್ಲಿ ಎಂಟನೆಯ ಹೆನ್ರಿ ರಾಜದಂಡನೆಗೆ ಒಳಪಡಿಸಿದನು. ಆ ಪರಂಪರೆಯೇ ಹಡಗು ಹತ್ತಿ ಇಲ್ಲಿಗೆ ಬಂದಿತು. ನಿಸರ್ಗದ ಕ್ರಮ ಎಂಬ ಪದಗುಚ್ಛವು ಕ್ರೈಸ್ತ ನೈತಿಕಶಾಸ್ತ್ರದ ನಿಘಂಟಿನಿಂದ ಎರವಲು ಪಡೆದದ್ದು. ಆದಕಾರಣ ಈ ಕಾನೂನಿನ ಚರಿತ್ರೆ ಕೇವಲ ವಸಾಹತುಶಾಹಿಯ ಚರಿತ್ರೆಯೆಂದು ಕೈತೊಳೆದುಕೊಳ್ಳಲು ನಮಗೆ ಸಾಧ್ಯವಿಲ್ಲ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಯಿತು. ಅದರ ಎರಡನೆಯ ಭಾಗವು ಹಿಜಡಾ ಸಮುದಾಯದವರ ಹೆಸರು ಮತ್ತು ವಾಸಸ್ಥಳಗಳನ್ನು ದಾಖಲೆಪುಸ್ತಕದಲ್ಲಿ ಬರೆದಿಡಲು ಅಧಿಕಾರ ನೀಡಿತು. ಹೀಗೆ ದಾಖಲಾದವರು ಸಾರ್ವಜನಿಕವಾಗಿ ಸ್ತ್ರೀವೇಷ ಧರಿಸುವುದೂ ಕುಣಿಯುವುದೂ ಅಪರಾಧವಾಯಿತು. ಕಾಯಿದೆ ಉತ್ತರ ಭಾರತದ ಪ್ರಾಂತಗಳಿಗೆ ಅನ್ವಯಿಸಿತ್ತು. ಆದರೆ ಅದರ ಛಾಯೆ ಬಹುದೂರ ಬಿದ್ದಿತು. 140 ವರ್ಷಗಳ ಬಳಿಕ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿತು. ನಪುಂಸಕರ ಹೆಸರು ಮತ್ತು ವಾಸಸ್ಥಳಗಳ ಪಟ್ಟಿಯಿಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. ಸಮುದಾಯದವರು ಉಚ್ಚನ್ಯಾಯಾಲಯದ ಮೆಟ್ಟಿಲೇರಿದ ಬಳಿಕವೇ ಆ ಪದವನ್ನು ಕಾನೂನಿನಿಂದ ತೆಗೆಯಲಾಯಿತು.

ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ಚಳವಳಿ ಹೊಸದು, ಜನರು ಹೊಸಬರಲ್ಲ. ಉತ್ತರ ಕರ್ನಾಟಕದ ಎಲ್ಲಮ್ಮನ ಭಕ್ತಪರಂಪರೆಯಲ್ಲಿ ಜೋಗಪ್ಪಗಳು ತಲೆಮಾರುಗಳಿಂದ ಚೌಡಿಕೆಯ ಹಾಡು ಹಾಡುತ್ತಾ ಬಂದಿದ್ದಾರೆ. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಇವೆಲ್ಲವೂ ಪಶ್ಚಿಮದಿಂದ ಬಂದ ಫ್ಯಾಷನ್ ಎಂದು ಪ್ರಬೋಧನೆಯಲ್ಲಿ ಹೇಳುವವರು ನಾಡಿನ ಜಾತ್ರೆಗಳನ್ನು ನೋಡಿಲ್ಲ.

ಕರ್ನಾಟಕದಲ್ಲಿ ಸಂಘಟಿತ ಚಳವಳಿಯ ಮೂಲ ಕಳೆದ ಶತಮಾನದ ಕೊನೆಯ ದಶಕದಲ್ಲಿದೆ. 1994ರಲ್ಲಿ ಬೆಂಗಳೂರಿನಲ್ಲಿ ಗುಡ್ ಆ್ಯಸ್ ಯು ಎಂಬ ಚಿಕ್ಕ ಗುಂಪೊಂದು ಸೇರತೊಡಗಿತು. 1999ರಲ್ಲಿ ಸಂಗಮ ಸಂಸ್ಥೆ ಹುಟ್ಟಿತು. 2001ರಲ್ಲಿ ಮತ್ತು 2003ರಲ್ಲಿ ಪ್ರಜಾ ನಾಗರಿಕ ಹಕ್ಕುಗಳ ಒಕ್ಕೂಟದ ಕರ್ನಾಟಕ ಘಟಕವು, ಅಂದರೆ ಪಿಯುಸಿಎಲ್, ಎರಡು ವರದಿಗಳನ್ನು ಪ್ರಕಟಿಸಿತು. ಬೆಂಗಳೂರಿನ ಉದ್ಯಾನಗಳಲ್ಲಿ, ಬೀದಿಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ ಹಿಜಡಾ ಮತ್ತು ಕೋತಿ ಸಮುದಾಯಗಳವರು ಅನುಭವಿಸಿದ ಹೊಡೆತ, ಸುಲಿಗೆ, ಅತ್ಯಾಚಾರಗಳನ್ನು ಅವು ಅವರದೇ ಮಾತುಗಳಲ್ಲಿ ದಾಖಲಿಸಿದವು. ಎ. ರೇವತಿಯವರ ಆತ್ಮಕಥನ 'ಬದುಕು ಬಯಲು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದು, ರಂಗದ ಮೇಲೂ ಏರಿತು. ಮೈಸೂರಿನಲ್ಲಿ 2004ರ ಹೊತ್ತಿಗೆ ಎಚ್‌ಐವಿ ತಡೆಯ ಕಾರ್ಯದಿಂದ ರೂಪುಗೊಂಡ ಅಶೋದಯ ಸಮಿತಿಯು, ಲೈಂಗಿಕ ವೃತ್ತಿಯಲ್ಲಿದ್ದ ಸ್ತ್ರೀಯರನ್ನೂ ಪುರುಷರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಒಂದೇ ಸೂರಿನಡಿ ಸಂಘಟಿಸಿತು. ಚಳವಳಿಯ ಮೂಲಭೂಮಿ ಯಾವುದು ಎಂಬುದನ್ನು ಗಮನಿಸಿ: ಪೊಲೀಸ್ ಠಾಣೆ, ಆಸ್ಪತ್ರೆ, ಬಾಡಿಗೆ ಮನೆ. ಮದುವೆಯ ಚರ್ಚೆ ಬಹಳ ಕಾಲದ ನಂತರ ಬಂದದ್ದು.

ನ್ಯಾಯಾಲಯಗಳ ಕಥೆ ಬಹುಜನರಿಗೆ ತಿಳಿದಿದೆ. ಆದರೂ ಕ್ರಮವಾಗಿ ನೆನೆಯೋಣ. 2009ರ ಜುಲೈ 2ರಂದು ದೆಹಲಿ ಉಚ್ಚನ್ಯಾಯಾಲಯವು ವಯಸ್ಕರ ಖಾಸಗಿ ಸಮ್ಮತಿಯ ಸಂಬಂಧಗಳನ್ನು 377ರಿಂದ ಹೊರತುಪಡಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. 2014ರ ಏಪ್ರಿಲ್ 15ರಂದು, ಅಂಬೇಡ್ಕರ್ ಜಯಂತಿಯ ಮರುದಿನ, ಅದೇ ನ್ಯಾಯಾಲಯದ ಇನ್ನೊಂದು ಪೀಠವು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗಿಗಳಿಗೆ ಮಾನ್ಯತೆ ನೀಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಕುರಿತ ಕನ್ನಡಿಗರೊಬ್ಬರ ಅರ್ಜಿಯೇ 2018ರ ಸೆಪ್ಟೆಂಬರ್ 6ರ ನವತೇಜ್ ಜೋಹರ್ ತೀರ್ಪಿಗೆ ದಾರಿ ಮಾಡಿತು. 2009ರ ತೀರ್ಪೂ 2018ರ ತೀರ್ಪೂ ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದ ಸಾಂವಿಧಾನಿಕ ನೈತಿಕತೆಯನ್ನು ಆಧರಿಸಿದವು. ಅಶೋಕಪುರಂನ ಜನರು ತಮ್ಮ ಬಿಡುಗಡೆಯ ಮೂಲವೆಂದು ಬಗೆಯುವ ವಿಚಾರವೇ ಇನ್ನೊಂದು ತುಳಿಯಲ್ಪಟ್ಟ ಸಮುದಾಯಕ್ಕೂ ಆಸರೆಯಾಯಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ಉದ್ಯೋಗಗಳಲ್ಲಿ ತೃತೀಯ ಲಿಂಗಿಗಳಿಗೆ ಶೇಕಡ 1ರ ಮೀಸಲಾತಿ ನೀಡಿದ ಮೊದಲ ರಾಜ್ಯವಾಯಿತು.

ಪಾಪವೂ ಅಪರಾಧವೂ ಒಂದೇ ಅಲ್ಲ

ಇಷ್ಟು ಹೇಳಿದ ಮೇಲೆ ಓದುಗರ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನು ನಾವು ಊಹಿಸಬಲ್ಲೆವು. ಧರ್ಮಸಭೆಯ ಬೋಧನೆಗೆ ಒಪ್ಪದ ಸಂಬಂಧಗಳನ್ನು ಸಮರ್ಥಿಸುವ ಚಳವಳಿಯನ್ನು ಯಾಜಕನು ಹೇಗೆ ಸ್ಮರಿಸಬಲ್ಲನು? ಇದು ಪ್ರಾಮಾಣಿಕವಾದ ಆಕ್ಷೇಪ. ಇದಕ್ಕೆ ಉತ್ತರ ಹೊಸದಲ್ಲ, ಸಂತ ತೋಮಸ್ ಅಕ್ವಿನಾಸರಲ್ಲಿಯೇ ಇದೆ.

ಸುಮ್ಮ ಥಿಯೊಲೊಜಿಯೆ ಗ್ರಂಥದ ಎರಡನೆಯ ಭಾಗದ ಮೊದಲ ವಿಭಾಗದಲ್ಲಿ, 96ನೆಯ ಪ್ರಶ್ನೆಯ ಎರಡನೆಯ ಅಧಿಕರಣದಲ್ಲಿ, ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಬೇಕೆ ಎಂದು ಸಂತರು ವಿಚಾರಿಸುತ್ತಾರೆ. ಬೇಡವೆಂಬುದೇ ಅವರ ನಿರ್ಣಯ. ಕಾನೂನು ರಚಿತವಾಗುವುದು ಸದ್ಗುಣದಲ್ಲಿ ಪರಿಪೂರ್ಣರಲ್ಲದ ಬಹುಜನರಿಗಾಗಿ. ಆದಕಾರಣ ಅದು ಮುಖ್ಯವಾಗಿ ಕೊಲೆ, ಕಳವುಗಳಂತೆ ಪರರಿಗೆ ಹಾನಿಮಾಡುವ ಮತ್ತು ಸಮಾಜವನ್ನೇ ಅಸಾಧ್ಯವಾಗಿಸುವ ಕೃತ್ಯಗಳನ್ನು ತಡೆಯಬೇಕು. ನೈತಿಕ ತೀರ್ಪು ಒಂದು, ರಾಜದಂಡ ಇನ್ನೊಂದು. ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದೂ ಇರಲೇಬೇಕೆಂಬ ನಿಯಮವಿಲ್ಲ.

ಈ ತತ್ತ್ವವನ್ನು ಧರ್ಮಸಭೆ ಪ್ರಯೋಗಿಸಿದ ಉದಾಹರಣೆಯೂ ಇದೆ. ಇಂಗ್ಲೆಂಡಿನಲ್ಲಿ ವುಲ್ಫೆಂಡನ್ ಸಮಿತಿಯು ಈ ಕಾನೂನನ್ನು ಪರಿಶೀಲಿಸುತ್ತಿದ್ದಾಗ, ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಬರ್ನಾರ್ಡ್ ಗ್ರಿಫಿನ್ ನೇಮಿಸಿದ ಕಥೋಲಿಕ ಸಲಹಾ ಸಮಿತಿಯು 1956ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಆ ಕೃತ್ಯಗಳ ಕುರಿತ ನೈತಿಕ ಬೋಧನೆಯನ್ನು ಅದು ಒಂದಿಷ್ಟೂ ಸಡಿಲಿಸಲಿಲ್ಲ. ಆದರೂ ವಯಸ್ಕರ ಖಾಸಗಿ ಕೃತ್ಯಗಳನ್ನು ಅಪರಾಧಗಳ ಪಟ್ಟಿಯಿಂದ ಕೈಬಿಡಬೇಕೆಂದು ಶಿಫಾರಸು ಮಾಡಿತು. 1957ರ ವುಲ್ಫೆಂಡನ್ ವರದಿಯೂ ಹಾಗೆಯೇ ಹೇಳಿತು. ಕಾನೂನು ಬದಲಾದದ್ದು 1967ರಲ್ಲಿ. ಸ್ಟೋನ್‌ವಾಲಿಗೆ ಹದಿಮೂರು ವರ್ಷ ಮುಂಚೆ ಕಥೋಲಿಕ ದೈವಶಾಸ್ತ್ರಜ್ಞರು ಈ ವಿವೇಕಕ್ಕೆ ಬಂದಿದ್ದರು. ನಮ್ಮಲ್ಲಿ 2013ರ ತೀರ್ಪು ಬಂದಾಗ ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್, ಧರ್ಮಸಭೆಯು ಸಲಿಂಗಾಸಕ್ತರನ್ನು ಅಪರಾಧಿಗಳೆಂದು ಎಣಿಸುವುದಿಲ್ಲವೆಂದು ಸ್ಪಷ್ಟಪಡಿಸಿದರು. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ಇಡೀ ಲೋಕಕ್ಕೆ ಹೇಳಿದರು. 2024ರ 'ದಿಗ್ನಿತಾಸ್ ಇನ್ಫಿನಿತಾ' ಎಂಬ ಘೋಷಣೆಯು, ಕೆಲವು ದೇಶಗಳಲ್ಲಿ ಲೈಂಗಿಕ ಒಲವಿನ ಕಾರಣಕ್ಕಾಗಿಯೇ ಜನರನ್ನು ಸೆರೆಗೆ ಹಾಕುವುದನ್ನೂ ಹಿಂಸಿಸುವುದನ್ನೂ ಮಾನವ ಘನತೆಗೆ ವಿರುದ್ಧವೆಂದು ಖಂಡಿಸಿತು.

ಅದೇ ಘೋಷಣೆಯು ಲಿಂಗತ್ವ ಸಿದ್ಧಾಂತವನ್ನೂ ಲಿಂಗಬದಲಾವಣೆಯನ್ನೂ ಒಪ್ಪುವುದಿಲ್ಲ. ಧರ್ಮೋಪದೇಶದ 2357ನೆಯ ಪರಿಚ್ಛೇದವು ಸಲಿಂಗ ಕೃತ್ಯಗಳನ್ನು ಒಪ್ಪುವುದಿಲ್ಲ. 2358ನೆಯದು ಈ ವ್ಯಕ್ತಿಗಳನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಬರಮಾಡಿಕೊಂಡು ಅನ್ಯಾಯದ ಭೇದಭಾವವನ್ನು ತೊರೆಯಬೇಕೆಂದು ವಿಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದುವುದು ಯಾಜಕನ ಕರ್ತವ್ಯ. ಮೊದಲನೆಯದನ್ನು ಮಾತ್ರ ಬಾಯಿಪಾಠ ಮಾಡಿದ ಯಾಜಕರನ್ನು ನಾವು ಬಹುಮಂದಿ ಕಂಡಿದ್ದೇವೆ. ಎರಡನೆಯದನ್ನು ಮಾತ್ರ ಹೇಳಿ ಮೊದಲನೆಯದನ್ನು ಮುಚ್ಚಿಡುವವರೂ ಇದ್ದಾರೆ. ಇಬ್ಬರೂ ತಮ್ಮ ಮುಂದೆ ಕುಳಿತ ವ್ಯಕ್ತಿಗೆ ಸತ್ಯವನ್ನು ಪೂರ್ಣವಾಗಿ ಹೇಳುತ್ತಿಲ್ಲ.

ಹಾಗಾದರೆ ಚಳವಳಿಯ ಬೇಡಿಕೆಗಳನ್ನು ಮೂರಾಗಿ ವಿಂಗಡಿಸಿ ನೋಡಬಹುದು. ನಮ್ಮನ್ನು ಹೊಡೆಯಬೇಡಿ, ಸೆರೆಗೆ ಹಾಕಬೇಡಿ ಎಂಬುದು ಮೊದಲನೆಯದು. ಪಡಿತರ ಚೀಟಿ, ಮನೆ, ಉದ್ಯೋಗ, ಚಿಕಿತ್ಸೆಗಳಲ್ಲಿ ನಮ್ಮನ್ನು ಹೊರಗಿಡಬೇಡಿ ಎಂಬುದು ಎರಡನೆಯದು. ವಿವಾಹ ಮತ್ತು ಮಾನವ ದೇಹದ ಅರ್ಥವನ್ನು ಕುರಿತದ್ದು ಮೂರನೆಯದು. ಮೊದಲನೆಯದಕ್ಕೆ ಧರ್ಮಸಭೆಯ ಸಮ್ಮತಿ ಪೂರ್ಣವಾಗಿರಬೇಕು. ಎರಡನೆಯದರಲ್ಲಿ ಅನ್ಯಾಯದ ಭೇದಭಾವವನ್ನು ತೊರೆಯುವ ಬೋಧನೆ ನಮ್ಮನ್ನು ಬಾಧ್ಯರನ್ನಾಗಿ ಮಾಡುತ್ತದೆ. ಮೂರನೆಯದರಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಮೂಲಸ್ಮರಣೆ ಯಾವುದಕ್ಕೆ ಸೇರಿದ್ದು? ಸ್ಟೋನ್‌ವಾಲಿನಲ್ಲಿಯೂ ಬೆಂಗಳೂರಿನ ಉದ್ಯಾನಗಳಲ್ಲಿಯೂ ಆರಂಭದ ಕೂಗು ಮೊದಲನೆಯ ಬೇಡಿಕೆಯದು. ಮೂರನೆಯದರ ಭಯದಿಂದ ಮೊದಲನೆಯದಕ್ಕೆ ಕಿವಿಮುಚ್ಚಿಕೊಳ್ಳುವುದು ನ್ಯಾಯವಲ್ಲ.

ಸ್ಮರಣೆಯ ದೈವಶಾಸ್ತ್ರ

ಹಿಬ್ರೂ ಭಾಷೆಯ ಝಿಕ್ಕಾರೋನ್, ಗ್ರೀಕಿನ ಅನಾಮ್ನೇಸಿಸ್ ಎಂಬ ಪದಗಳು ಕೇವಲ ಮನಸ್ಸಿನ ನೆನಪನ್ನು ಸೂಚಿಸುವುದಿಲ್ಲ. ದೇವರು ನೆನೆಯುತ್ತಾರೆ ಎಂದರೆ ದೇವರು ಕಾರ್ಯಪ್ರವೃತ್ತರಾಗುತ್ತಾರೆ ಎಂದರ್ಥ. ಇಸ್ರಯೇಲರ ನಿಟ್ಟುಸಿರನ್ನು ಕೇಳಿ ತಮ್ಮ ಒಡಂಬಡಿಕೆಯನ್ನು ನೆನೆದ ದೇವರು ಮೋಶೆಯನ್ನು ಕಳುಹಿಸಿದರು. ಜರ್ಮನ್ ದೈವಶಾಸ್ತ್ರಜ್ಞ ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ ಯೇಸುವಿನ ಯಾತನೆ, ಮರಣ, ಪುನರುತ್ಥಾನಗಳ ಸ್ಮರಣೆಯನ್ನು ಅಪಾಯಕಾರಿ ಸ್ಮರಣೆಯೆಂದು ಕರೆದರು. ಬಲಿಪೀಠದ ಮೇಲೆ ನಾವು ಸ್ಮರಿಸುವವರು ರಾಜಾಧಿಕಾರದಿಂದ ದಂಡಿಸಲ್ಪಟ್ಟು, ನಗರದ ಹೊರಗೆ ಮಡಿದವರು. ಅವರನ್ನು ಸ್ಮರಿಸುವ ಸಮುದಾಯಕ್ಕೆ ಇತರ ಯಾತನೆಗಳನ್ನು ಮರೆಯುವ ಸ್ವಾತಂತ್ರ್ಯವಿಲ್ಲ.

ಸ್ಮರಣೆಯಲ್ಲಿ ಪಶ್ಚಾತ್ತಾಪವೂ ಸೇರುತ್ತದೆ. 2000ದ ಮಾರ್ಚ್ 12ರಂದು ಸಂತ ದ್ವಿತೀಯ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಹಿಂದಿನ ದೋಷಗಳಿಗಾಗಿ ಕ್ಷಮೆ ಬೇಡಿದರು. ಆ ಸಂದರ್ಭಕ್ಕೆಂದು ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಸ್ಮರಣೆಯ ಶುದ್ಧೀಕರಣವನ್ನು ಕುರಿತು ದಾಖಲೆಯೊಂದನ್ನು ಸಿದ್ಧಪಡಿಸಿತ್ತು. 2016ರ ಜೂನ್ 26ರಂದು ಪೋಪ್ ಫ್ರಾನ್ಸಿಸ್, ನೋಯಿಸಲ್ಪಟ್ಟ ಸಲಿಂಗಾಸಕ್ತರಲ್ಲಿ ಕ್ರೈಸ್ತರು ಕ್ಷಮೆ ಕೇಳಬೇಕೆಂದರು. ಆದಕಾರಣ ಧರ್ಮಸಭೆ ಈ ಆರಂಭವನ್ನು ಸ್ಮರಿಸುವ ರೀತಿ ಮೆರವಣಿಗೆಯ ರೀತಿಯಾಗಿರಬೇಕಾಗಿಲ್ಲ. ಅದು ಮೊದಲು ಆತ್ಮಪರೀಕ್ಷೆಯ ರೀತಿಯಾಗಿರಬೇಕು.

ಗೋಡೆಗಳ ಒಳಗೆ ಒಂದು ಹೆಸರು

ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಆರಂಭದಲ್ಲಿ, ಅಂಗಹೀನನಾದ ನಪುಂಸಕನಿಗೆ ಸರ್ವೇಶ್ವರನ ಸಭೆಯಲ್ಲಿ ಪ್ರವೇಶವಿಲ್ಲವೆಂಬ ನಿಯಮವಿದೆ. ಸೆರೆವಾಸದಿಂದ ಮರಳಿದ ಜನರಿಗೆ ಯೆಶಾಯನ ಗ್ರಂಥದ 56ನೆಯ ಅಧ್ಯಾಯ ಬೇರೆಯೇ ಮಾತನ್ನು ಸಾರುತ್ತದೆ. ಒಡಂಬಡಿಕೆಯನ್ನು ಹಿಡಿದುಕೊಂಡ ನಪುಂಸಕನು ತನ್ನನ್ನು ಒಣಮರವೆಂದು ಕರೆದುಕೊಳ್ಳಬಾರದು. ಅವನಿಗೆ ದೇವರು ತಮ್ಮ ಆಲಯದಲ್ಲಿ, ತಮ್ಮ ಗೋಡೆಗಳ ಒಳಗೆ, ಗಂಡುಹೆಣ್ಣು ಮಕ್ಕಳಿಗಿಂತ ಮಿಗಿಲಾದ ಸ್ಮಾರಕವನ್ನೂ ಹೆಸರನ್ನೂ ಕೊಡುವರು. ಮೂಲದ ಯಾದ್ ವಾಶೇಮ್ ಎಂಬ ನುಡಿಯಲ್ಲಿ ಯಾದ್ ಎಂದರೆ ಕೈ, ಸ್ಮಾರಕಶಿಲೆ ಎಂದೂ ಅರ್ಥ. ಶೇಮ್ ಎಂದರೆ ಹೆಸರು. ಮಕ್ಕಳಿಲ್ಲದವನ ಹೆಸರು ಅವನೊಂದಿಗೇ ಅಳಿಯುವುದೆಂದು ನಂಬಿದ್ದ ಸಮಾಜದಲ್ಲಿ ಇದು ಸಾಮಾನ್ಯ ವಾಗ್ದಾನವಲ್ಲ.

ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಕಂಚುಕಿಯು ಜೆರುಸಲೇಮಿನಲ್ಲಿ ಆರಾಧಿಸಿ ಹಿಂದಿರುಗುವಾಗ ಓದುತ್ತಿದ್ದುದು ಅದೇ ಯೆಶಾಯನ ಗ್ರಂಥವನ್ನು. ಅವನ ಸುರುಳಿ ತೆರೆದಿದ್ದುದು 53ನೆಯ ಅಧ್ಯಾಯದ ಭಾಗದಲ್ಲಿ. ಇನ್ನು ಸ್ವಲ್ಪ ಬಿಚ್ಚಿದರೆ ಅವನದೇ ವಾಗ್ದಾನ ಕಾದಿತ್ತು. ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಅವನು ಕೇಳುತ್ತಾನೆ. ಧರ್ಮಶಾಸ್ತ್ರವನ್ನು ಬಲ್ಲ ಫಿಲಿಪ್ಪನು ಅಡ್ಡಿಯೊಂದನ್ನು ಎತ್ತಿ ತೋರಿಸಬಹುದಾಗಿತ್ತು. ಅವನು ರಥದಿಂದಿಳಿದು ನೀರಿನೊಳಗೆ ಹೋದನು.

ವ್ಯಾಖ್ಯಾನದಲ್ಲಿ ಸಂಯಮ ಬೇಕು. ಬೈಬಲಿನ ನಪುಂಸಕನೂ ಇಂದಿನ ಲೈಂಗಿಕ ಅಲ್ಪಸಂಖ್ಯಾತನೂ ಒಂದೇ ಎಂದು ಹೇಳುವುದು ಪಠ್ಯಕ್ಕೆ ಬಲವಂತ ಮಾಡಿದಂತೆ. ಆದರೆ ದೇಹದ ಕಾರಣದಿಂದ ಹೊರಗಿಡಲ್ಪಟ್ಟವರ ಕಡೆಗೆ ಪವಿತ್ರ ಗ್ರಂಥ ಯಾವ ದಿಕ್ಕಿನಲ್ಲಿ ಚಲಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಅದು ಗೋಡೆಯ ಹೊರಗಿನಿಂದ ಒಳಕ್ಕೆ, ಹೆಸರಿಲ್ಲದ ಸ್ಥಿತಿಯಿಂದ ಹೆಸರಿನ ಕಡೆಗೆ ಚಲಿಸುತ್ತದೆ.

ಪಾಲನಾ ಸೇವೆಗೆ ಕೆಲವು ಸೂಚನೆಗಳು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಹಲವು ವರ್ಷಗಳ ಹಿಂದೆ ಶವಸಂಸ್ಕಾರವೊಂದಕ್ಕೆ ನಮ್ಮನ್ನು ಕರೆದಿದ್ದರು. ತೀರಿಕೊಂಡವರು ದೀಕ್ಷಾಸ್ನಾನ ಪಡೆದವರು. ಹದಿಹರೆಯದಲ್ಲಿ ಮನೆಬಿಟ್ಟು ಹಿಜಡಾ ಸಮುದಾಯವನ್ನು ಸೇರಿ, ಕಾಯಿಲೆಯಾದ ಮೇಲೆ ಸಾಯಲು ಮನೆಗೆ ಮರಳಿದ್ದರು. ಕುಟುಂಬದವರು ಹುಟ್ಟಿನ ಹೆಸರನ್ನೇ ಹೇಳಬೇಕೆಂದರು, ನಾವು ಹೇಳಿದೆವು. ಅದರ ಕುರಿತು ಇಂದಿಗೂ ನಮಗೆ ಖಚಿತ ತೀರ್ಮಾನವಿಲ್ಲ. ಆದರೆ ಸ್ಮಶಾನದ ಬಾಗಿಲಿನ ಹೊರಗೆ ಐದಾರು ಮಂದಿ ಸೀರೆಯುಟ್ಟು ನಿಂತಿದ್ದರು. ಕೊನೆಯ ತಿಂಗಳುಗಳಲ್ಲಿ ಔಷಧಕ್ಕೆ ಹಣ ಕೊಟ್ಟವರು ಅವರೇ ಎಂಬುದು ನಮಗೆ ತಿಳಿದಿತ್ತು. ಒಳಗೆ ಬಂದು ಒಂದು ಹಿಡಿ ಮಣ್ಣು ಹಾಕಬಹುದೇ ಎಂದು ಅವರಲ್ಲೊಬ್ಬರು ಕೇಳಿದಾಗ, ಮನೆಯವರನ್ನು ಕೇಳಿ ಎಂದೆವು. ಅವರು ಕೇಳಲಿಲ್ಲ, ಹೊರಗೇ ನಿಂತಿದ್ದು ಹೊರಟುಹೋದರು. ಆ ಉತ್ತರ ನಾವು ಕೊಡಬೇಕಾದದ್ದಾಗಿತ್ತು. ನಮ್ಮ ಕೈಯಲ್ಲಿ ಪವಿತ್ರ ಜಲವೂ ಪ್ರಾರ್ಥನಾ ಪುಸ್ತಕವೂ ಇದ್ದವು.

ದಕ್ಷಿಣ ಭಾರತದ ಕ್ರೈಸ್ತರಾದ ನಮಗೆ ಸ್ಮಶಾನದಲ್ಲಿಯೂ ಜಾತಿಯ ಗೋಡೆ ಕಟ್ಟಿದ ಚರಿತ್ರೆಯಿದೆ. ಆ ಗೋಡೆ ತಪ್ಪೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಬಾಗಿಲಲ್ಲಿ ನಾವು ನಿಲ್ಲಿಸಿದ ಗೋಡೆಯೂ ಅಂಥದೇ ಆಗಿತ್ತು ಎಂಬುದು ನಮಗೆ ಅರ್ಥವಾಗಲು ಕಾಲ ಹಿಡಿಯಿತು. ಈ ಅನುಭವದಿಂದ ಕಲಿತ ಕೆಲವು ಸೂಚನೆಗಳನ್ನು ಕಿರಿಯ ಯಾಜಕರ ಮುಂದಿಡುತ್ತೇವೆ.

ಮೊದಲನೆಯದು, ನಾಲಗೆಯ ಶುದ್ಧಿ. ಪ್ರಬೋಧನೆಯಲ್ಲಿ ನಗೆಗಾಗಿ ಈ ಜನರನ್ನು ಅಣಕಿಸುವುದು ಇನ್ನೂ ನಿಂತಿಲ್ಲ. 1986ರಲ್ಲಿಯೇ ವಿಶ್ವಾಸ ಬೋಧನೆಯ ಪೀಠವು ಇವರ ವಿರುದ್ಧದ ಮಾತಿನ ಹಿಂಸೆಯನ್ನೂ ಕೈಯ ಹಿಂಸೆಯನ್ನೂ ಖಂಡಿಸಿ, ಧರ್ಮಸಭೆಯ ಪಾಲಕರು ಅದನ್ನು ಖಂಡಿಸಬೇಕೆಂದು ಬರೆದಿತ್ತು. ಪೀಠದ ಬೋಧನೆಯಲ್ಲಿ ಕಠಿಣವಾದುದನ್ನು ಉದ್ಧರಿಸುವವರು ಅದೇ ಪತ್ರದ ಈ ಭಾಗವನ್ನೂ ಉದ್ಧರಿಸಲಿ.

ಎರಡನೆಯದು, ಕುಟುಂಬ. ನಮ್ಮಲ್ಲಿ ಇಂತಹ ಮಕ್ಕಳು ಮೊದಲು ಕಳೆದುಕೊಳ್ಳುವುದು ಮನೆಯನ್ನು. 2016ರ 'ಅಮೋರಿಸ್ ಲೆತಿತಿಯಾ' ಪ್ರಬೋಧನೆಯ 250ನೆಯ ಪರಿಚ್ಛೇದವು ಇಂತಹ ಕುಟುಂಬಗಳಿಗೆ ಗೌರವಪೂರ್ಣ ಪಾಲನೆ ನೀಡಬೇಕೆನ್ನುತ್ತದೆ. ಮಗನನ್ನೋ ಮಗಳನ್ನೋ ಮನೆಯಿಂದ ಹೊರಹಾಕಬೇಕೆಂದು ತಂದೆ ಕೇಳಲು ಬಂದಾಗ, ಯಾವ ಬೋಧನೆಯೂ ಅದಕ್ಕೆ ಅನುಮತಿ ನೀಡುವುದಿಲ್ಲವೆಂದು ಯಾಜಕನು ಅಲ್ಲಿಯೇ, ತಡಮಾಡದೆ ಹೇಳಬೇಕು.

ಮೂರನೆಯದು, ಸಂಸ್ಕಾರಗಳು. ಲಿಂಗಪರಿವರ್ತಿತರು ಇತರ ವಿಶ್ವಾಸಿಗಳಂತೆಯೇ ಅದೇ ನಿಬಂಧನೆಗಳ ಮೇಲೆ, ಗೊಂದಲಕ್ಕೆ ಎಡೆಯಿಲ್ಲದಿದ್ದರೆ, ದೀಕ್ಷಾಸ್ನಾನ ಪಡೆಯಬಹುದೆಂದು 2023ರ ಅಕ್ಟೋಬರ್ 31ರಂದು ವಿಶ್ವಾಸ ಬೋಧನೆಯ ಪೀಠವು ಉತ್ತರಿಸಿದೆ. ಬಾಗಿಲು ಮುಚ್ಚಿದೆಯೆಂದು ಹೇಳುವ ಮುನ್ನ ಈ ಉತ್ತರವನ್ನು ಓದಬೇಕು. ಪಾಪನಿವೇದನೆಯ ಆಸನದಲ್ಲಿ ಕುತೂಹಲದ ಪ್ರಶ್ನೆಗಳಿಗೆ ಸ್ಥಳವಿಲ್ಲ.

ನಾಲ್ಕನೆಯದು, ಸಾಕ್ಷ್ಯ. ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಇವರ ಮೇಲೆ ಹಲ್ಲೆ ನಡೆದರೆ, ಅಥವಾ ಬಾಡಿಗೆ ಮನೆಯಿಂದ ಹೊರಹಾಕಿದರೆ, ಯಾಜಕನು ತಾನು ಕಂಡದ್ದನ್ನು ಹೇಳಲಿ. 1965ರಲ್ಲಿ ಆ ಸಭಾಪಾಲಕರು ಮಾಡಿದ್ದು ಅಷ್ಟೇ. 2011ರ ಜನಗಣತಿಯು ಕರ್ನಾಟಕದಲ್ಲಿ ಗಂಡು ಹೆಣ್ಣುಗಳ ಎಣಿಕೆಗೆ ಸೇರದ 20,266 ಮಂದಿಯನ್ನು ದಾಖಲಿಸಿತು. ಹೇಳಲು ಅಂಜಿದವರು ಎಷ್ಟೋ ಮಂದಿ ಇದ್ದಿರಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಯಾರೂ ಇಲ್ಲವೆಂದು ಭಾವಿಸುವುದು ನಿರಾಧಾರ.

ಉಪಸಂಹಾರ

ಗುರುವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಚಳವಳಿಯ ಪ್ರತಿಯೊಂದು ಘೋಷಣೆಗೂ ಧರ್ಮಸಭೆ ಸಹಿ ಹಾಕಬೇಕಾಗಿಲ್ಲ. ಆದರೆ ಅದರ ಆರಂಭದಲ್ಲಿರುವ ಗಾಯಗಳನ್ನು ಸ್ಮರಿಸದಿರಲು ಧರ್ಮಸಭೆಗೆ ಯಾವ ಕಾರಣವೂ ಇಲ್ಲ. ಜೂನ್ ತಿಂಗಳ ಕೊನೆಯ ವಾರದಲ್ಲಿ ವಿಶ್ವಾಸಿಗಳ ಪ್ರಾರ್ಥನೆಗೆ ಒಂದು ಕೋರಿಕೆಯನ್ನು ಸೇರಿಸುವುದು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಸಾಧ್ಯ: ದೇಹದ ಕಾರಣದಿಂದಲೋ ಒಲವಿನ ಕಾರಣದಿಂದಲೋ ಹೊಡೆತ ತಿಂದವರಿಗಾಗಿ, ಮನೆಯಿಂದ ಹೊರಗಾದವರಿಗಾಗಿ, ಹೆಸರಿಲ್ಲದೆ ಹೂಳಲ್ಪಟ್ಟವರಿಗಾಗಿ, ಮತ್ತು ಅದನ್ನು ನೋಡುತ್ತಾ ಸುಮ್ಮನಿದ್ದ ನಮಗಾಗಿ.

ನಾವು ಈ ಕೋರಿಕೆಯನ್ನು ನಮ್ಮ ಬಲಿಪೂಜೆಯಲ್ಲಿ ಸೇರಿಸಿಕೊಂಡಿದ್ದೇವೆ. ಅಂದು ಸ್ಮಶಾನದಲ್ಲಿ ಹೇಳದೆ ಉಳಿದ ಆ ಇನ್ನೊಂದು ಹೆಸರನ್ನು, ಮೃತರ ಸ್ಮರಣೆಯ ಸ್ಥಳದಲ್ಲಿ, ಮೌನವಾಗಿ ಹೇಳಿಕೊಳ್ಳುತ್ತೇವೆ.